ಈಜು ಬರಲ್ಲ, ನೇಪಾಳದಲ್ಲಿ ರಾಫ್ಟಿಂಗ್ ಮಾಡಬಹುದಾ?

ಮಾರ್ಚ್‌ನಲ್ಲಿ ಕಠ್ಮಂಡು, ಪೋಖರಾ ನೋಡಲು ಹೊರಟಿದ್ದೀರಿ, ಜೊತೆಯವರು ತ್ರಿಶೂಲಿ ನದಿಯಲ್ಲಿ ರಾಫ್ಟಿಂಗ್ ಮಾಡೋಣ ಅಂತಿದ್ದಾರೆ, ನಿಮಗೆ ಈಜು ಬರಲ್ಲ. ಇದೇ ಅಲ್ವಾ ಪ್ರಶ್ನೆ? ನನಗೂ ಈಜು ಬರಲ್ಲ. ಅದೇ ನದಿಗೆ, ಅದೇ ಮಾರ್ಚ್‌ನಲ್ಲಿ ಹೋಗಿದ್ದೆ. ನೀರಿಗೂ ಬಿದ್ದೆ.

ಧಾರಾಳವಾಗಿ ಹೋಗಿ. ಆದರೆ ತಿಂಗಳು ಮುಖ್ಯ. ನದಿಯ ರ‍್ಯಾಪಿಡ್‌ಗಳಿಗೆ (ನೀರು ರಭಸವಾಗಿ ನುಗ್ಗುವ ಜಾಗಗಳಿಗೆ) 1ರಿಂದ 6ರವರೆಗೆ ಗ್ರೇಡ್ ಕೊಡುತ್ತಾರೆ, 1 ಅಂದರೆ ತೀರಾ ಸುಲಭ, 6 ಅಂದರೆ ತೀರಾ ಕಷ್ಟ. ಮಾರ್ಚ್‌ನಲ್ಲಿ ತ್ರಿಶೂಲಿಯದ್ದು ಹೆಚ್ಚಾಗಿ 3ರ ಆಸುಪಾಸು. ಮಳೆಗಾಲದಲ್ಲಿ ಇದೇ ನದಿ ಕೆಂಪಗೆ ಉಕ್ಕಿ ಹರಿಯುತ್ತದೆ, ಆಗ ನಮ್ಮಂಥವರಿಗೆ ಬೇಡವೇ ಬೇಡ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಮಾಡಿದ್ದರೆ ಒಂದು ಅಂದಾಜು ಸಿಗುತ್ತದೆ. ಅಲ್ಲಿ ಅಣೆಕಟ್ಟಿನಿಂದ ಬಿಟ್ಟ ನೀರು, ಇಲ್ಲಿ ಹಿಮಾಲಯದ ನೀರು. ಬಿಸಿಲು ಎಷ್ಟೇ ಇರಲಿ, ಮೊದಲ ಅಲೆ ಎದೆಗೆ ಬಡಿದಾಗ ಉಸಿರು ಸಿಕ್ಕಿಕೊಳ್ಳುತ್ತದೆ.

ಕಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ ಹೆದ್ದಾರಿ ಬಹಳ ದೂರ ನದಿಯ ಪಕ್ಕದಲ್ಲೇ ಸಾಗುತ್ತದೆ. ನಾವು ಚರೌಡಿ ಅನ್ನುವ ಕಡೆ ದೋಣಿ ಹತ್ತಿದೆವು. ಇದಕ್ಕೆಂದೇ ಬೇರೆ ದಿನ ಬೇಕಿಲ್ಲ, ಪೋಖರಾಕ್ಕೆ ಹೋಗುವ ದಿನವೇ ಮುಗಿಸಬಹುದು.

ಇನ್ನು ನಾನು ಬಿದ್ದ ಕಥೆ. ಹತ್ತುವ ಮೊದಲು ಗೈಡ್ ದಡದಲ್ಲಿ ಎಲ್ಲವನ್ನೂ ಹೇಳಿಕೊಟ್ಟಿದ್ದರು. ಅವರು ಹಿಂದಿಯಲ್ಲಿ ವಿವರಿಸುತ್ತಿದ್ದರೆ ನಾನು ಫೋಟೋ ತೆಗೆಯುತ್ತಿದ್ದೆ. ದೋಣಿಯ ಅಂಚಿನಲ್ಲಿ ಕೂತಾಗ ಪಾದವನ್ನು ಒಳಗಿನ ಗಾಳಿ ತುಂಬಿದ ಅಡ್ಡದಿಂಬಿನ ಕೆಳಗೆ ಸಿಕ್ಕಿಸಿಕೊಳ್ಳಬೇಕು. ನಾನು ಸುಮ್ನೆ ಕೂತಿದ್ದೆ. ಒಂದು ದೊಡ್ಡ ಅಲೆಯಲ್ಲಿ ಹುಟ್ಟು ಹಾಕಲು ಬಗ್ಗಿದೆ, ದೋಣಿ ಮೇಲೆದ್ದಿತ್ತು, ಹುಟ್ಟಿಗೆ ನೀರೇ ಸಿಗಲಿಲ್ಲ. ಹುಟ್ಟನ್ನು ಬರೀ ಗಾಳಿಯಲ್ಲಿ ಬೀಸಿ ತಲೆಕೆಳಗಾಗಿ ನೀರಿಗೆ ಬಿದ್ದೆ.

ಮುಳುಗಲಿಲ್ಲ. ಲೈಫ್ ಜಾಕೆಟ್ ಮೇಲೆತ್ತಿತು, ಆದರೆ ಸಡಿಲವಾಗಿ ಕಟ್ಟಿದ್ದರಿಂದ ಅದು ಕಿವಿಯವರೆಗೆ ಬಂದು ನಾನು ಒಳಗೆ ಜೋಲಾಡುತ್ತಿದ್ದೆ. ಎಲ್ಲ ಪಟ್ಟಿ ಬಿಗಿದ ಮೇಲೆ ಪಕ್ಕದವರಿಗೆ ಹೇಳಿ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿಕೊಳ್ಳಿ. ಮೂಗಿನವರೆಗೆ ಬಂದರೆ ಇನ್ನೂ ಬಿಗಿಯಬೇಕು.

ಬಿದ್ದ ತಕ್ಷಣ ಕಾಲು ನೆಲ ಹುಡುಕುತ್ತದೆ. ಅದೇ ಅಪಾಯ. ಹರಿಯುವ ನೀರಲ್ಲಿ ನಿಲ್ಲಲು ಹೋಗಬೇಡಿ, ಬಂಡೆಗಳ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಹರಿವು ನಿಮ್ಮನ್ನು ಮುಂದಕ್ಕೆ ಬಗ್ಗಿಸಿ ಮುಖವನ್ನು ನೀರೊಳಗೆ ಒತ್ತುತ್ತದೆ. ಅಂಗಾತ ಮಲಗಿ, ಕಾಲನ್ನು ನೀರು ಹರಿದು ಹೋಗುವ ಕಡೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಡಿ. ನನಗೆ ಇದು ನೆನಪಾಗಿದ್ದು ಗೈಡ್ "ಭಾಯಿ, ಪಾವ್ ಊಪರ್!" (ಕಾಲು ಮೇಲೆ!) ಅಂತ ಕಿರುಚಿದ ಮೇಲೆ. ಆಮೇಲೆ ಒಬ್ಬರು ಜಾಕೆಟ್‌ನ ಭುಜ ಹಿಡಿದು ಅಕ್ಕಿ ಮೂಟೆ ಎಳೆದಂತೆ ದೋಣಿಯೊಳಗೆ ಹಾಕಿದರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ ಅಂದರು. ನನಗೇನೋ ಅರ್ಧ ಗಂಟೆ ಅನ್ನಿಸಿತ್ತು.

ಈಜು ಬರಲ್ಲ ಅಂತ ಗೈಡ್‌ಗೆ ಮೊದಲೇ ಹೇಳಿಬಿಡಿ. ನಾಚಿಕೆ ಬೇಡ, ಕೂರುವ ಜಾಗವನ್ನು ಅವರು ಅದಕ್ಕೆ ತಕ್ಕಂತೆ ಕೊಡುತ್ತಾರೆ. ಜೊತೆಗೆ ರಕ್ಷಣೆಗೆ ಕಯಾಕ್ (ಒಬ್ಬರೇ ನಡೆಸುವ ಸಣ್ಣ ದೋಣಿ) ಬರುತ್ತದಾ ಅಂತ ಬುಕ್ ಮಾಡುವಾಗಲೇ ಕೇಳಿ. ಇಲ್ಲ ಅಂದರೆ ಬೇರೆಯವರನ್ನು ಹುಡುಕಿ, ನೂರಿನ್ನೂರು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.

ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ, ಆಧಾರ್ ನಂಬಿಕೊಂಡು ಹೋಗಬೇಡಿ. ಜೀನ್ಸ್ ಹಾಕಬೇಡಿ, ಒದ್ದೆಯಾದರೆ ಒಣಗುವುದಿಲ್ಲ.

ಕನ್ನಡಕ ಇದ್ದರೆ ದಾರ ಕಟ್ಟಿಕೊಳ್ಳಿ. ತ್ರಿಶೂಲಿ ದೇವಘಾಟ್‌ನಲ್ಲಿ ಕಾಳಿ ಗಂಡಕಿಯನ್ನು ಸೇರಿ, ಅಲ್ಲಿಂದ ಬಿಹಾರಕ್ಕೆ ಇಳಿದು ಗಂಗೆ ಸೇರುತ್ತದೆ. ನನ್ನ ಕನ್ನಡಕ ಈಗ ಪಟ್ನಾದ ಹತ್ತಿರ ಎಲ್ಲೋ ಇರಬೇಕು.