ಹೊಸ ಕಿಡ್ನಿಗೆ ರಕ್ತ ಸೇರಿತೇ? ಆಪರೇಷನ್ ಟೇಬಲ್ ಮೇಲೆಯೇ ನೋಡುವ ಬಗೆ

ಪ್ರಶ್ನೆ: ತಮ್ಮನಿಗೆ ಅವ್ವನ ಕಿಡ್ನಿ ಹಾಕುವವರಿದ್ದಾರೆ. ಆಪರೇಷನ್ ಬೆಂಗಳೂರಿನಲ್ಲಿ. ನಡುವೆ ಹಸಿರು ಬಣ್ಣದ ಇಂಜೆಕ್ಷನ್ ಕೊಟ್ಟು ಕ್ಯಾಮೆರಾದಲ್ಲಿ ನೋಡುತ್ತಾರಂತೆ. ಅದರಿಂದ ಕಿಡ್ನಿ ಕೆಡುವುದಿಲ್ಲವೇ? ಕಿಡ್ನಿ ಕೆಲಸ ಮಾಡುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆಯೇ?
– ಒಬ್ಬ ಓದುಗ, ಸಿಂಧನೂರು

ಉತ್ತರ: ಆ ಭಯ ಬೇಡ. ಅದು ಇಂಡೋಸಯನೈನ್ ಗ್ರೀನ್, ಥಿಯೇಟರಿನ ಮಾತಿನಲ್ಲಿ ಐಸಿಜಿ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಲಿವರ್ ಮೂಲಕ ಪಿತ್ತದಲ್ಲಿ ಹೊರಹೋಗುತ್ತದೆ, ಮೂತ್ರಕ್ಕೆ ಇಳಿಯುವುದಿಲ್ಲ. 25 ಮಿಲಿಗ್ರಾಂ ಪುಡಿಯನ್ನು 10 ಮಿಲಿ ಇಂಜೆಕ್ಷನ್ ನೀರಿನಲ್ಲಿ ಕರಗಿಸಿ, ಅದರಲ್ಲಿ ಸ್ವಲ್ಪವೇ ರಕ್ತನಾಳಕ್ಕೆ ಕೊಡುತ್ತಾರೆ. ಪುಡಿಯಲ್ಲಿ ಅಯೋಡೈಡ್ ಇರುತ್ತದೆ. ತಮ್ಮನಿಗೆ ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಮೂತ್ರಕ್ಕೆ ಇಳಿಯದ ಬಣ್ಣ ಕಿಡ್ನಿಯ ಶೋಧಿಸುವ ಕೆಲಸವನ್ನು ತೋರಿಸಲಾರದು. ರಕ್ತ ಎಲ್ಲೆಲ್ಲಿ ತಲುಪಿತು ಎಂಬುದಷ್ಟೇ ಅದರಲ್ಲಿ ಕಾಣುತ್ತದೆ. ಆದರೆ ಅದು ಸಣ್ಣ ವಿಷಯವಲ್ಲ.

ಹೊಸ ಕಿಡ್ನಿಯನ್ನು ಹೊಟ್ಟೆಯ ಕೆಳಭಾಗದಲ್ಲಿ, ಸಾಮಾನ್ಯವಾಗಿ ಬಲಕ್ಕೆ, ಕಾಲಿನ ಕಡೆ ಹೋಗುವ ರಕ್ತನಾಳಗಳಿಗೆ ಹೊಲಿಯುತ್ತಾರೆ. ರಕ್ತ ತಡೆದು ಹಿಡಿದ ಕ್ಲಾಂಪ್ (ಚಿಮುಟ) ತೆಗೆದೊಡನೆ ಬಿಳಚಿದ ಕಿಡ್ನಿ ಗುಲಾಬಿಯಾಗಿ, ಮುಟ್ಟಿದರೆ ಬಿಗಿಯಾಗುತ್ತದೆ. ಆಗ ಐಸಿಜಿ ಕೊಟ್ಟು, ದೀಪ ಆರಿಸಿ ಕ್ಯಾಮೆರಾ ಹಿಡಿದರೆ ಕಪ್ಪಗಿದ್ದ ಕಿಡ್ನಿ ಕೆಲವೇ ಕ್ಷಣಗಳಲ್ಲಿ ಬೆಳಗುತ್ತದೆ. ಒಂದು ತುದಿ ಮಾತ್ರ ಕಪ್ಪಾಗಿ ಉಳಿದರೆ ಅಲ್ಲಿಗೆ ಹೋಗುವ ಸಣ್ಣ ಧಮನಿ ಮುಚ್ಚಿರಬಹುದು. ಕೆಳತುದಿಯಾದರೆ ಹೆಚ್ಚು ಎಚ್ಚರ ಬೇಕು: ಆ ಧಮನಿಯೇ ಎಷ್ಟೋ ಸಲ ಮೂತ್ರನಾಳಕ್ಕೂ ರಕ್ತ ಕೊಡುತ್ತದೆ. ರಕ್ತವಿಲ್ಲದ ಮೂತ್ರನಾಳದ ತುದಿ ಸತ್ತು, ಕೆಲವು ದಿನಗಳ ಮೇಲೆ ಮೂತ್ರ ಸೋರುತ್ತದೆ. ಅದಕ್ಕೇ ಬೆಳಗಿದ ಜಾಗದವರೆಗೆ ಮೂತ್ರನಾಳ ಕತ್ತರಿಸಿ ಮೂತ್ರಚೀಲಕ್ಕೆ ಹೊಲಿಯುವುದು ಒಳ್ಳೆಯದು.

ಇಡೀ ಕಿಡ್ನಿ ಮಂಕಾಗಿದ್ದರೆ ಮೊದಲು ಬಿ.ಪಿ. ನೋಡಬೇಕು. ಕ್ಯಾಮೆರಾ ದೂರವಿದ್ದರೂ, ಮೇಲೆ ಕೊಬ್ಬು ಉಳಿದಿದ್ದರೂ ಹೀಗೇ ಕಾಣುತ್ತದೆ. ಈ ಬೆಳಕು ಸುಮಾರು ಒಂದು ಸೆಂಟಿಮೀಟರಿಗಿಂತ ಆಳ ಕಾಣಿಸದು, ಒಳಭಾಗಕ್ಕೆ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್, ಅಂದರೆ ಡಾಪ್ಲರ್ ಸ್ಕ್ಯಾನೇ ಬೇಕು. ಕೈಯಲ್ಲಿ ಹಿಡಿದಾಗ ಚೆನ್ನಾಗಿದ್ದ ಕಿಡ್ನಿಯ ರಕ್ತನಾಳ, ಅದರ ಜಾಗದಲ್ಲಿ ಕೂರಿಸಿ ಸ್ನಾಯು ಮುಚ್ಚಿದಾಗ ಮಡಚಿಕೊಳ್ಳುವುದೂ ಉಂಟು. ಹೊಲಿಗೆ ಮುಗಿದ ಮೇಲೂ ಡಾಪ್ಲರ್ ಮಾಡುವುದು ಇದಕ್ಕೇ.

ಕೆಲಸದ ಲೆಕ್ಕ ಮುಂದಿನ ದಿನಗಳ ಮೂತ್ರ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿ ಅಳೆಯುವ ಕಸ) ಹೇಳುತ್ತವೆ. ಚೆನ್ನಾಗಿ ಬೆಳಗಿದ ಕಿಡ್ನಿಯೂ ತಡವಾಗಿ ಎದ್ದು, ಮೊದಲ ವಾರ ಡಯಾಲಿಸಿಸ್ ಬೇಕಾಗಬಹುದು.

ಪ್ರಶ್ನೆ: ಕಸಿಯಾಗಿ ಮೂರು ತಿಂಗಳು. ಬಳ್ಳಾರಿಯಲ್ಲಿ ಮಾಡಿಸಿದ ಡಾಪ್ಲರಿನಲ್ಲಿ ಆರ್.ಐ. 0.74 ಬಂದಿದೆ. ಹೆದರಬೇಕೇ?
– ಓದುಗರು, ಸಿರುಗುಪ್ಪ

ಉತ್ತರ: ಈ ಒಂದು ಅಂಕಿಗೆ ಹೆದರಬೇಡಿ. ಆರ್.ಐ. ಎಂದರೆ ಕಿಡ್ನಿಯೊಳಗೆ ರಕ್ತದ ಹರಿವಿಗಿರುವ ತಡೆಯ ಅಳತೆ. ಹೃದಯ ಬಡಿದಾಗ ರಕ್ತದ ವೇಗ 100, ಬಡಿತದ ಕೊನೆಗೆ 26 ಇದ್ದರೆ, ಇಳಿದ 74ನ್ನು 100ರಿಂದ ಭಾಗಿಸಿದರೆ ಆರ್.ಐ. 0.74. ಸಾಮಾನ್ಯವಾಗಿ 0.7ರೊಳಗೆ ಇರುತ್ತದೆ, 0.8 ದಾಟಿದರೆ ಕಾರಣ ಹುಡುಕುತ್ತಾರೆ. ಸ್ಕ್ಯಾನ್ ಮಾಡಲು ಮೈಮೇಲಿಡುವ ಪ್ರೋಬ್ ಒತ್ತಿ ಹಿಡಿದರೂ ಅಂಕಿ ಏರುತ್ತದೆ. ಆಪರೇಷನ್ ಆದ ವಾರದ ಡಾಪ್ಲರ್ ರಿಪೋರ್ಟನ್ನು ಪ್ರತಿ ಸಲ ಸ್ಕ್ಯಾನಿಗೆ ಒಯ್ಯಿರಿ, ಹೋಲಿಸಲು ಅದೇ ಆಧಾರ. ಕ್ರಿಯಾಟಿನಿನ್ ಏರಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಅಥವಾ ಕಿಡ್ನಿ ಇರುವ ಜಾಗ ನೋಯುತ್ತಿದ್ದರೆ ಮಾತ್ರ ತಡಮಾಡದೆ ಅದೇ ದಿನ ಕಸಿ ಮಾಡಿದ ಡಾಕ್ಟರಿಗೆ ಫೋನ್ ಮಾಡಿ.