ಹಿಮದ ಕಪ್ಪು ಬಿಳುಪು ಫೋಟೋಗೆ ಯಾವ ಪೇಪರ್?

ಮೇಡಂ, ಹಿಮಾಚಲದ ಸ್ಪಿತಿ ಕಣಿವೆಯ ಚಳಿಗಾಲದ ಎರಡು ಫೋಟೋ ಹಾಕಿ, ಎ3 ಪ್ರಿಂಟ್‌ಗೆ ಗ್ಲಾಸಿ ಒಳ್ಳೆಯದಾ ಮ್ಯಾಟ್ ಒಳ್ಳೆಯದಾ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಹಿಮದ ಫೋಟೋಗೆ ಮೊದಲು ನೋಡಬೇಕಾದ್ದು ಪೇಪರಿನ ಬಿಳಿ.

ಪ್ರಿಂಟರಿನಲ್ಲಿ ಬಿಳಿ ಇಂಕ್ ಇರುವುದಿಲ್ಲ ಅಲ್ವಾ. ನಿಮ್ಮ ಫೋಟೋದ ಮುಕ್ಕಾಲು ಭಾಗ ಹಿಮ, ಅಲ್ಲಿ ಬೀಳುವ ಇಂಕ್ ತೀರಾ ಕಡಿಮೆ, ಹಾಗಾಗಿ ಕಾಣುವುದು ಹೆಚ್ಚು ಕಡಿಮೆ ಬರೀ ಪೇಪರೇ. ಕೆನೆ ಬಣ್ಣದ ಪೇಪರ್ ಹಳೇ ಮನೆ, ಮುಖದ ಫೋಟೋಗೆ ಚೆಂದ. ಆದರೆ ಅದರಲ್ಲಿ ಹಿಮದ ಚಳಿಯೇ ಹೋಗಿಬಿಡುತ್ತದೆ. ಹಾಗಂತ ಅಂಗಡಿಯಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿರುವುದನ್ನೂ ತರಬೇಡಿ. ಅದರಲ್ಲಿ ಬ್ರೈಟ್ನರ್ ಜಾಸ್ತಿ. ಬಟ್ಟೆ ಒಗೆಯುವ ಪುಡಿಯಲ್ಲೂ ಇರುವಂಥದ್ದೇ ಅದು, ಯುವಿ ಬೆಳಕನ್ನು ಹೀರಿ ನೀಲಿಯಾಗಿ ವಾಪಸ್ ಕೊಡುತ್ತದೆ. ಕಿಟಕಿ ಹತ್ತಿರ ಹೊಳೆಯುತ್ತದೆ, ಮನೆಯ ಎಲ್‌ಇಡಿ ಬಲ್ಬಿನಲ್ಲಿ ಯುವಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಅಲ್ಲಿ ಮಂಕಾಗುತ್ತದೆ. ವರ್ಷ ಕಳೆದಂತೆ ಆ ಬ್ರೈಟ್ನರ್ ಶಕ್ತಿ ಕಳೆದುಕೊಂಡು ಪೇಪರ್ ಹಳದಿ ಕಡೆ ತಿರುಗುತ್ತದೆ.

ಈಗ ನಿಮ್ಮ ಫೋಟೋಗಳು. ಮೊದಲನೆಯದರಲ್ಲಿ ಬಿಸಿಲು, ಹಿಮದ ನಡುವೆ ಕರ್ರಗೆ ಹರಿಯುವ ನದಿ, ಬಂಡೆ. ಇದಕ್ಕೆ ಆಳವಾದ ಕಪ್ಪು ಬೇಕು. ಬರೈಟಾ ಥರದ, ಅಂದರೆ ಹಳೇ ಡಾರ್ಕ್ ರೂಂ ಪ್ರಿಂಟಿನ ಹಾಗೆ ಹದವಾದ ಹೊಳಪಿರುವ ಪೇಪರ್ ಹಾಕಿಸಿ. ಕ್ಯಾನ್ಸನ್ ಪ್ಲಾಟಿನ್ ಫೈಬರ್ ರ‍್ಯಾಗ್ 310 ಜಿಎಸ್‌ಎಂ ನನಗಿಷ್ಟ, ಹತ್ತಿಯದ್ದು, ಬ್ರೈಟ್ನರ್ ಇಲ್ಲ, ಆದರೂ ಬಿಳಿ ಚೆನ್ನಾಗಿದೆ. ಎರಡನೆಯದು ಹಿಮ ಸುರಿಯುತ್ತಿರುವಾಗ ತೆಗೆದದ್ದು, ಎಲ್ಲ ಬೂದು, ಕಡುಗಪ್ಪು ಎಲ್ಲೂ ಇಲ್ಲ. ಮ್ಯಾಟ್ ಪೇಪರಿನಲ್ಲಿ ಕಪ್ಪು ಸ್ವಲ್ಪ ಸಪ್ಪೆ ಅನ್ನುವುದು ನಿಜ, ಆದರೆ ಇದರಲ್ಲಿ ಕಡುಗಪ್ಪೇ ಇಲ್ಲದ ಮೇಲೆ ನಷ್ಟವೇನು? ಹಾನೆಮ್ಯೂಲೆ ಫೋಟೋ ರ‍್ಯಾಗ್ 308 ಅನ್ನುವ ಮ್ಯಾಟ್ ಪೇಪರ್ ಸಾಕು. ಒಂದೇ ಗೋಡೆಗೆ ಅಂತ ಎರಡಕ್ಕೂ ಒಂದೇ ಪೇಪರ್ ಹಾಕಲೇಬೇಕಾಗಿಲ್ಲ, ಬೇರೆ ಬೇರೆ ಗೋಡೆಗೆ ಹಾಕಿ. ತರಿತರಿ ಇರುವ ವಾಟರ್‌ಕಲರ್ ಥರದ ಪೇಪರ್ ಮಾತ್ರ ಬೇಡ. ಪಕ್ಕದಿಂದ ಲೈಟ್ ಬಿದ್ದರೆ ಖಾಲಿ ಹಿಮದ ಮೇಲೆ ಆ ತರಿಯ ನೆರಳೇ ಎದ್ದು ಕಾಣುತ್ತದೆ.

ಗ್ಲಾಸಿಯೇ ಬೇಕು ಅನ್ನುವವರಿಗೆ ಒಂದು ಮಾತು. ಫೈಲಿನಲ್ಲಿ ಕಡುಗಪ್ಪಿಗೆ 0, ಪೂರ್ತಿ ಬಿಳಿಗೆ 255 ಅಂತ ಲೆಕ್ಕ. ಆ 255 ಇರುವ ಕಡೆ ಇಂಕೇ ಬೀಳುವುದಿಲ್ಲ. ಇಂಕ್ ಬಿದ್ದ ಜಾಗ, ಬೀಳದ ಜಾಗ ಎರಡರ ಹೊಳಪೂ ಬೇರೆ ಬೇರೆ. ಓರೆಯಾಗಿ ನೋಡಿದರೆ ಹಿಮದಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಕ್ಯಾನನ್ ಪ್ರೊ-1000 ಪ್ರಿಂಟರಿನಲ್ಲಿ ಕ್ರೋಮಾ ಆಪ್ಟಿಮೈಸರ್ ಅಂತ ಬಣ್ಣವಿಲ್ಲದ ಒಂದು ಟ್ಯಾಂಕ್ ಇರುವುದು ಇದಕ್ಕೇ. ಆ ಸೌಲಭ್ಯ ಇಲ್ಲದಿದ್ದರೆ ಹಿಮದ ತುತ್ತತುದಿಯನ್ನು 245ರ ಆಸುಪಾಸಿಗೆ ಇಳಿಸಿಕೊಳ್ಳಿ, ಅದರಿಂದ ಹಿಮದ ಮೈಯೂ ಉಳಿಯುತ್ತದೆ. ಮದುವೆ ಆಲ್ಬಂ ಮಾಡುವ ಮಾಮೂಲಿ ಲ್ಯಾಬಿನ ಕಲರ್ ಪೇಪರ್‌ಗೆ ಕೊಡಬೇಡಿ, ಅಲ್ಲಿ ಬೂದು ಬರುವುದು ಬಣ್ಣಗಳನ್ನು ಸೇರಿಸಿ, ಸ್ವಲ್ಪ ಹೆಚ್ಚು ಕಡಿಮೆಯಾದರೂ ಹಿಮ ಹಸಿರಿಗೋ ಗುಲಾಬಿಗೋ ತಿರುಗುತ್ತದೆ. ಎಪ್ಸನ್ ಪಿ900 ಪ್ರಿಂಟರ್ ಇರುವ ಕಡೆ ಕೊಟ್ಟರೆ, ಹೆಚ್ಚಾಗಿ ಕಪ್ಪು, ಬೂದು ಇಂಕನ್ನೇ ಬಳಸುವ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಮೋಡ್‌ನಲ್ಲಿ ತೆಗೆಯಲು ಹೇಳಿ.

ಸೀದಾ ಎ3ಗೆ ಹೋಗಬೇಡಿ. ಹಿಮದ ಒಂದು ತುಂಡನ್ನೇ 235, 240, 245, 250 ಹೀಗೆ ಪಟ್ಟಿ ಮಾಡಿ ಒಂದು ಎ4ನಲ್ಲಿ ತೆಗೆಸಿ, ಒಂದು ದಿನ ಒಣಗಲು ಬಿಟ್ಟು, ತೂಗುಹಾಕುವ ಗೋಡೆಯಲ್ಲೇ ರಾತ್ರಿ ಲೈಟಿನಲ್ಲಿ ನೋಡಿ. ಫ್ರೇಮ್ ಹಾಕಿಸುವಾಗ ಗಾಜು ಪ್ರಿಂಟಿಗೆ ತಾಗದ ಹಾಗೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಕೇಳಿ, ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಫೈಲ್ ಬೂದಿನ ಸೂಕ್ಷ್ಮ ಛಾಯೆ ಉಳಿಸುವ 16 ಬಿಟ್ ಟಿಫ್ ಆಗಿ ಇಟ್ಟುಕೊಂಡಿದ್ದೀರಾ, ಜೆಪೆಗ್ ಮಾತ್ರ ಇದೆಯಾ? ಎರಡನೇ ಫೋಟೋದ ಹಿಸ್ಟೋಗ್ರಾಂ, ಅಂದರೆ ಕಪ್ಪು, ಬೂದು, ಬಿಳಿ ಎಷ್ಟೆಷ್ಟಿದೆ ಅಂತ ತೋರಿಸುವ ಗ್ರಾಫ್ ಹಾಕಿ, ನೋಡಿ ಹೇಳುತ್ತೇನೆ.