ಅನಾಟಮಿ ಬಿಟ್ಟು ಸ್ಪೈನಲ್ ಇಂಜುರಿ ಮಾತ್ರ ಓದಿದರೆ ಸಾಕೇ? ನಾನು ಹಾಗೇ ಓದಿದ್ದೆ

ನರ್ಸಿಂಗ್ ಪರೀಕ್ಷೆಗೆ 18 ದಿನ ಇದೆ, ನರಮಂಡಲದ ಅನಾಟಮಿ (ರಚನೆಯ ಪಾಠ) ಬಿಟ್ಟು ಬೆನ್ನುಹುರಿಯ ಪೆಟ್ಟು ಒಂದನ್ನೇ ಬಾಯಿಪಾಠ ಮಾಡಿದರೆ ನಡೆಯುತ್ತಾ, ನೆನಪಿಡಲು ಸೂತ್ರಗಳ ಪಟ್ಟಿ ಇದ್ದರೆ ಕೊಡಿ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಮೂರನೇ ವರ್ಷದಲ್ಲಿ ನಾನು ಹುಡುಕಿದ್ದೂ ಅದೇ ಪಟ್ಟಿ. ಸಿಕ್ಕಿತು ಕೂಡ. ಸೀನಿಯರ್ ಒಬ್ಬರ ಕೈಬರಹದ ಎರಡು ಪುಟ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ನನಗೆ ದಪ್ಪ ಪುಸ್ತಕ ತೆರೆಯುವುದೇ ಭಯ. ಆ ಎರಡು ಪುಟವನ್ನು ದೇವರ ನಾಮದ ಹಾಗೆ ಒಪ್ಪಿಸುತ್ತಿದ್ದೆ. ಥಿಯರಿ ಪಾಸೂ ಆಯಿತು. ಮುಗ್ಗರಿಸಿದ್ದು ಪ್ರಾಕ್ಟಿಕಲ್‌ನಲ್ಲಿ.

ಆವತ್ತು ನನಗೆ ಕೊಟ್ಟ ಕೇಸ್ ಅಡಿಕೆ ಮರದಿಂದ ಬಿದ್ದ ಹುಡುಗ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಕೊನೆ ತೆಗೆಯುವಾಗ ಕೈ ಜಾರಿ ಬಿದ್ದು ನಾಲ್ಕು ತಿಂಗಳಾಗಿತ್ತು, ಟಿ4 ಮಟ್ಟದ, ಅಂದರೆ ಎದೆಭಾಗದ ಬೆನ್ನುಹುರಿಯ ನಾಲ್ಕನೇ ಮಟ್ಟದ ಪೆಟ್ಟು. ಎದೆಯ ನಡುವಿನಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಈಗ ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಆಗಿದೆಯೆಂದು ಮತ್ತೆ ಸೇರಿಸಿದ್ದರು. ಎಂಟೂವರೆಗೆ ನಾನೇ ಅವನನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟೆ. ಒಂಬತ್ತೂವರೆಗೆ ಚಾರ್ಟ್‌ನಲ್ಲಿ ಮೂತ್ರದ ಪ್ರಮಾಣ ‘0’ ಅಂತ ಚೆಂದದ ಅಕ್ಷರದಲ್ಲಿ ಬರೆದೆ. ಯಾಕೆ ಸೊನ್ನೆ ಅಂತ ಯೋಚಿಸಲಿಲ್ಲ.

ಹತ್ತು ಗಂಟೆ ಹೊತ್ತಿಗೆ ಅವನ ತಾಯಿ ಬಂದು, "ಸಿಸ್ಟರ್, ತಲೆ ಒಡೆದು ಹೋಗೋ ಹಂಗೆ ನೋಯ್ತಿದೆ ಅಂತಿದಾನೆ, ಒಂಚೂರು ನೋಡ್ರಿ" ಅಂದರು. ಹೋದೆ. ಮುಖ ಕೆಂಪಗೆ, ಹಣೆ ತುಂಬ ಬೆವರಿನ ಹನಿ. ನಾಡಿ ಹಿಡಿದೆ, 52. ಅಷ್ಟರಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ, ಎಕ್ಸ್‌ಟರ್ನಲ್ ಮೇಡಂ, ಹಾಸಿಗೆ ಹತ್ತಿರ ಬಂದರು. ನನ್ನ ತಲೆಯೊಳಗೆ ಆ ಎರಡು ಪುಟದ ಸಾಲು ತಾನಾಗಿ ಓಡಿತು: ಬೆನ್ನುಹುರಿಗೆ ಪೆಟ್ಟು, ನಾಡಿ ನಿಧಾನ, ಅಂದರೆ ನ್ಯೂರೋಜೆನಿಕ್ ಶಾಕ್ (ನರಗಳ ಹಿಡಿತ ತಪ್ಪಿ ಬಿಪಿ ಕುಸಿಯುವುದು), ಚಪ್ಪಟೆ ಮಲಗಿಸು, ಕಾಲು ಎತ್ತು. ಕಾಟ್‌ನ ಹ್ಯಾಂಡಲ್ ತಿರುಗಿಸಿ ತಲೆಭಾಗ ಇಳಿಸಿಬಿಟ್ಟೆ. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂಗಿದ.

ವಾರ್ಡಿನ ಸ್ಟಾಫ್ ನರ್ಸ್ ಓಡಿ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ಸರಸರನೆ ಅವನನ್ನು ನೆಟ್ಟಗೆ ಕೂರಿಸಿದರು. ಕಾಲು ಮಂಚದಿಂದ ಇಳಿಬಿಟ್ಟರು. ಬಿಪಿ ನೋಡಿದರೆ 176/104. ಚಾರ್ಟ್‌ನಲ್ಲಿ ಅವನ ದಿನನಿತ್ಯದ ಬಿಪಿ 100/60. ಹೊದಿಕೆ ಎತ್ತಿದಾಗ ಕಂಡಿತು: ಮೂತ್ರ ಹೊರಹೋಗಲು ಹಾಕಿದ ಕ್ಯಾತಿಟರ್‌ನ ಪೈಪು ಎಡತೊಡೆಯ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಿದೆ. ಪೈಪು ಬಿಡಿಸಿದ ಕೂಡಲೇ ಮೂತ್ರದ ಚೀಲ, ಯೂರೋಬ್ಯಾಗ್, ತುಂಬತೊಡಗಿತು. ಸ್ವಲ್ಪ ಹೊತ್ತಿಗೆ ಬಿಪಿ ಇಳಿಯಿತು, ತಲೆನೋವೂ ಇಳಿಯಿತು.

ಅದು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಅದರ ಹೆಸರು, ಲಕ್ಷಣ, ಚಿಕಿತ್ಸೆ ಎಲ್ಲ ನನಗೆ ಬಾಯಿಗೆ ಬರುತ್ತಿತ್ತು. ಆದರೂ ತಪ್ಪಿದ್ದು ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೂತ್ರಕೋಶ ತುಂಬಿ ಬಿಗಿದಾಗ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ. ಪೆಟ್ಟಾದ ಜಾಗ ದಾಟಿ ಮಿದುಳಿಗೆ ತಲುಪುವುದಿಲ್ಲ, ಹಾಗಾಗಿ ಹೊಟ್ಟೆ ಬಿಗಿದದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಆದರೆ ಪೆಟ್ಟಿನ ಕೆಳಗಿನ ಹುರಿ ಜೀವಂತವಾಗಿದೆ. ಅದು ಸಿಂಪಥೆಟಿಕ್ ನರಗಳನ್ನು (ರಕ್ತನಾಳ ಬಿಗಿಯುವ, ತಾನಾಗಿ ಕೆಲಸ ಮಾಡುವ ನರಗಳು) ಕೆರಳಿಸಿ ಹೊಟ್ಟೆಯ, ಕಾಲಿನ ರಕ್ತನಾಳಗಳನ್ನು ಬಿಗಿಯುತ್ತದೆ. ಬಿಪಿ ಏರುತ್ತದೆ. ಕತ್ತಿನ ರಕ್ತನಾಳದಲ್ಲಿದ್ದು ಒತ್ತಡ ಅಳೆಯುವ ಬ್ಯಾರೋರಿಸೆಪ್ಟರ್‌ಗಳು ಮಿದುಳಿಗೆ ದೂರು ಕೊಡುತ್ತವೆ. ಮಿದುಳು ಎರಡು ಕೆಲಸ ಮಾಡಬೇಕು: ನಾಳ ಸಡಿಲಿಸು ಎಂಬ ಆಜ್ಞೆಯನ್ನು ಹುರಿಯ ಮೂಲಕ ಕಳಿಸಬೇಕು, ಅದು ಟಿ4ರಲ್ಲೇ ನಿಲ್ಲುತ್ತದೆ, ಹೃದಯ ನಿಧಾನಿಸು ಎಂಬ ಆಜ್ಞೆಯನ್ನು ವೇಗಸ್ ಮೂಲಕ ಕಳಿಸಬೇಕು, ಅದು 10ನೇ ಕ್ರೇನಿಯಲ್ ನರ, ಮಿದುಳಿನಿಂದಲೇ ನೇರ ಹೊರಡುತ್ತದೆ, ಬೆನ್ನುಹುರಿಯ ದಾರಿಗೇ ಬರುವುದಿಲ್ಲ, ತಲುಪುತ್ತದೆ. ಅದಕ್ಕೇ ನಾಡಿ 52, ಬಿಪಿ 176. ಅದಕ್ಕೇ ಪೆಟ್ಟಿನ ಮೇಲೆ ಕೆಂಪು, ಬೆವರು. ಕೆಳಗೆ ತಣ್ಣನೆ, ಬಿಳಿಚಿದ ಚರ್ಮ. ಹೊಟ್ಟೆಯ ದೊಡ್ಡ ರಕ್ತನಾಳಗಳ ಹಿಡಿತ ಸುಮಾರು ಟಿ5, ಟಿ6ರಿಂದ ಕೆಳಗೆ ಹೊರಡುವುದರಿಂದಲೇ ಟಿ6 ಮತ್ತು ಅದಕ್ಕಿಂತ ಮೇಲಿನ ಪೆಟ್ಟಿನಲ್ಲಿ ಇದು ಹೆಚ್ಚು.

ನ್ಯೂರೋಜೆನಿಕ್ ಶಾಕ್‌ನಲ್ಲೂ ನಾಡಿ ನಿಧಾನವೇ. ಆದರೆ ಅಲ್ಲಿ ಸಿಂಪಥೆಟಿಕ್ ಸತ್ತ ಹಾಗೆ ಬಿದ್ದಿರುತ್ತದೆ, ನಾಳಗಳು ಸಡಿಲ, ಬಿಪಿ ಪಾತಾಳಕ್ಕೆ, ಚರ್ಮ ಬೆಚ್ಚಗೆ, ಒಣಗಿ. ಅದು ಬಿದ್ದ ಮೊದಲ ದಿನಗಳ ಮಾತು. ನಾಲ್ಕು ತಿಂಗಳಾದ ಮೇಲೆ, ಹುರಿ ತಾನಾಗಿ ಕೊಡುವ ಪ್ರತಿಕ್ರಿಯೆ, ಅಂದರೆ ರಿಫ್ಲೆಕ್ಸ್‌ಗಳು ಮರಳಿದ ಮೇಲೆ ಕಾಡುವುದು ಡಿಸ್‌ರಿಫ್ಲೆಕ್ಸಿಯಾ. ಸ್ಪೈನಲ್ ಶಾಕ್ ಇನ್ನೂ ಬೇರೆ: ಅದು ಪೆಟ್ಟಿನ ಕೆಳಗೆ ರಿಫ್ಲೆಕ್ಸ್ ಕಳೆದು ಸ್ನಾಯು ಸಡಿಲಾಗುವ ಸ್ಥಿತಿ; ಹೆಸರಲ್ಲಿ ಶಾಕ್ ಇದ್ದರೂ ಬಿಪಿಯ ಹೆಸರಲ್ಲ. ನನ್ನ ಪಟ್ಟಿಯಲ್ಲಿ ಈ ಮೂರೂ ‘ತೊಡಕುಗಳು’ ಎಂಬ ಒಂದೇ ಕಾಲಮ್ಮಿನಲ್ಲಿ ಒಂದರ ಕೆಳಗೊಂದು ಇದ್ದವು. ಬಿಪಿ ನೋಡಿದ್ದರೆ, ಕಾಲು ಮುಟ್ಟಿ ನೋಡಿದ್ದರೆ, ಬಿದ್ದು ಎಷ್ಟು ದಿನವಾಯಿತು ಎಂದು ಒಮ್ಮೆ ನೆನೆದಿದ್ದರೆ ಸಾಕಿತ್ತು. ಮೂರನ್ನೂ ಮಾಡಲಿಲ್ಲ. ಕೂರಿಸಿದರೆ ರಕ್ತ ಕಾಲಿಗೆ ಇಳಿದು ಬಿಪಿ ಕಡಿಮೆಯಾಗುತ್ತಿತ್ತು. ನಾನು ಮಲಗಿಸಿ ತಲೆಗೇ ಏರಿಸಿದೆ.

ಮೇಡಂ ಬೈಯಲಿಲ್ಲ. "ಯಾಕಮ್ಮ ಮಲಗಿಸಿದೆ?" ಅಂತ ಒಂದೇ ಪ್ರಶ್ನೆ ಕೇಳಿದರು. ಉತ್ತರ ಇರಲಿಲ್ಲ. ಪ್ರಾಕ್ಟಿಕಲ್ ಫೇಲ್. ಸಪ್ಲಿಮೆಂಟರಿ ಬರೆದು ಪಾಸಾಗುವಷ್ಟರಲ್ಲಿ ಆರು ತಿಂಗಳು ಹೋಯಿತು, ಅಪ್ಪ ಮತ್ತೆ ಫೀಸು ಹೊಂದಿಸಿದರು. ಅದೆಲ್ಲ ಹೇಗೋ ಮರೆತೆ. ಆ ಹುಡುಗ ತಲೆ ಹಿಡಿದು ಕೂಗಿದ್ದು ಮರೆತಿಲ್ಲ.

ಆದ್ದರಿಂದ ಪಟ್ಟಿ ನಾನು ಕೊಡುವುದಿಲ್ಲ. 18 ದಿನದಲ್ಲಿ ಮೊದಲ ಆರು ದಿನ ನೀವು ಬಿಡಬೇಕು ಎಂದುಕೊಂಡಿರುವ ಅನಾಟಮಿಗೇ ಕೊಡಿ. ಸಮಯ ಹಾಳಾಗುತ್ತದೆ ಅನ್ನಿಸುತ್ತದೆ, ಆಗುವುದಿಲ್ಲ. ಬ್ರೌನ್-ಸೆಕಾರ್ಡ್ ಸಿಂಡ್ರೋಮ್, ಅಂದರೆ ಹುರಿಯ ಒಂದು ಮಗ್ಗುಲು ಮಾತ್ರ ತುಂಡಾದ ಸ್ಥಿತಿ, ತೆಗೆದುಕೊಳ್ಳಿ. ಚಲನೆಯ ದಾರಿ ಮತ್ತು ಸ್ಥಾನಜ್ಞಾನದ (ಕೈಕಾಲು ಎಲ್ಲಿದೆ ಎಂಬ ಅರಿವಿನ) ದಾರಿ ಮಿದುಳಿನ ಬುಡದ ಮೆಡುಲ್ಲಾದಲ್ಲಿ ಮಗ್ಗುಲು ಬದಲಿಸುತ್ತವೆ. ನೋವು, ಬಿಸಿ-ತಂಪಿನ ದಾರಿ ಹುರಿಯೊಳಗೆ ಬಂದ ಸ್ವಲ್ಪದರಲ್ಲೇ ಆಚೆ ಮಗ್ಗುಲಿಗೆ ದಾಟುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಹುರಿ ತುಂಡಾದವನಿಗೆ ಪೆಟ್ಟಾದ ಕಡೆ ಬಲ ಹೋಗಿ, ಎದುರು ಕಡೆ ನೋವು ತಿಳಿಯದಿರುವುದು ಬಾಯಿಪಾಠವಿಲ್ಲದೇ ಬರುತ್ತದೆ.

ಮಟ್ಟಗಳನ್ನು ನಿಮ್ಮ ಮೈಮೇಲೆ ಕಲಿಯಿರಿ. ಸಪ್ಲಿಮೆಂಟರಿಗೆ ಹಾಸ್ಟೆಲ್ ರೂಮಿನಲ್ಲಿ ನಾನೂ ನನ್ನ ರೂಮ್‌ಮೇಟೂ ಪೆನ್ನಿನಿಂದ ಕೈಮೇಲೆ ಬರೆದುಕೊಂಡೆವು. ‘ಸಿ’ ಅಂದರೆ ಕುತ್ತಿಗೆ, ‘ಟಿ’ ಎದೆಭಾಗದ ಮಟ್ಟ: ಹೆಬ್ಬೆರಳು ಸಿ6, ನಡುಬೆರಳು ಸಿ7, ಕಿರುಬೆರಳು ಸಿ8, ಮೊಲೆತೊಟ್ಟಿನ ಸಾಲು ಟಿ4, ಹೊಕ್ಕಳು ಟಿ10. ಮೊಣಕೈ ಮಡಚಿ ‘ಐದು’, ಮಣಿಕಟ್ಟು ಮೇಲೆತ್ತಿ ‘ಆರು’, ಮೊಣಕೈ ನೀಡಿ ‘ಏಳು’, ಬೆರಳು ಮಡಚಿ ‘ಎಂಟು’ ಅನ್ನುತ್ತಿದ್ದೆವು. ವಪೆಯ (ಉಸಿರಾಟದ ಮುಖ್ಯ ಸ್ನಾಯು) ನರ ಸಿ3, 4, 5ರಿಂದ ಹೊರಡುತ್ತದೆ, ಅದಕ್ಕೇ ಕುತ್ತಿಗೆ ಪೆಟ್ಟಿನಲ್ಲಿ ಮೊದಲು ಉಸಿರು ನೋಡುವುದು. ಬೆನ್ನುಹುರಿ ಪೆಟ್ಟಿನ ತೀವ್ರತೆ ಅಳೆಯುವ ಏಷಿಯಾ (ASIA) ಸ್ಕೇಲ್‌ನಲ್ಲಿ ‘ಎ’ (ಪೂರ್ತಿ ಪೆಟ್ಟು) ಅನ್ನಬೇಕಾದರೆ ಹುರಿಯ ತುದಿಯ ಎಸ್4-5ರಲ್ಲಿ, ಅಂದರೆ ಗುದದ ಸುತ್ತ, ಸ್ಪರ್ಶವೂ ಹಿಡಿತವೂ ಇರಬಾರದು. ಕಾಲು ಆಡದಿದ್ದ ಮಾತ್ರಕ್ಕೆ ಪೂರ್ತಿ ಪೆಟ್ಟು ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳಬೇಡಿ.

ಇನ್ನೊಂದು. ಓದಿದ್ದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ ನೋಡಿ. ಫೇಲಾದ ವಾರ ನಾನು ಆ ವಾರ್ಡಿಗೆ ಹೋಗಿ ಹುಡುಗನ ತಾಯಿಯ ಹತ್ತಿರ ತಪ್ಪಾಯಿತು ಅಂದೆ, ಏನಾಯಿತು ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳಲು ಕೂತೆ. ಎರಡು ಸಲ ತಡವರಿಸಿದೆ. ಮೂರನೇ ಸಲಕ್ಕೆ ಅವರು, "ಹಂಗಾರೆ ತಲೆನೋವು ಅಂದ ಕೂಡ್ಲೆ ಕೂರಿಸಿ, ಪೈಪು ನೋಡ್ಬೇಕು ಅಲ್ವಾ ಸಿಸ್ಟರ್" ಅಂದರು.

ಟ್ರ್ಯಾಕ್ಟ್‌ಗಳಲ್ಲಿ (ಹುರಿಯೊಳಗಿನ ನರದಾರಿಗಳಲ್ಲಿ) ಯಾವುದು ಗೋಜಲು ಅಂತ ಬರೆಯಿರಿ. ಈ ವಾರ ನನಗೆ ನೈಟ್ ಡ್ಯೂಟಿ, ಬೆಳಗ್ಗೆ ಬಂದು ಉತ್ತರಿಸುತ್ತೇನೆ.